ಮಲ್ಪೆಯಿಂದ ಮರವಂತೆವರೆಗೆ: ಕಡಲತೀರ ನೋಡಿ ಮನೆ ಸಾಮಾನಿನ ಕಲೆಕ್ಷನ್ ಕಟ್ಟುವುದು ಹೇಗೆ

ಬೆಂಗಳೂರಿನ ಯಾವುದಾದರೂ ದೊಡ್ಡ ಫರ್ನಿಚರ್ ಅಂಗಡಿಗೆ ಹೋಗಿ, 'ಕೋಸ್ಟಲ್' ಅಂತ ಬೋರ್ಡ್ ಹಾಕಿರುವ ಮೂಲೆ ನೋಡಿ. ಬಿಳಿ ಸೋಫಾ, ನೀಲಿ ಪಟ್ಟೆಯ ದಿಂಬು, ಹಗ್ಗ ಸುತ್ತಿದ ಕನ್ನಡಿ, ಗೋಡೆಗೊಂದು ಮರದ ಲಂಗರು. ಚೆನ್ನಾಗಿಯೇ ಇರುತ್ತದೆ. ಆದರೆ ಕುಂದಾಪುರದ ಕಡೆಯವರನ್ನು ಅಲ್ಲಿ ನಿಲ್ಲಿಸಿ 'ಇದು ನಿಮ್ಮೂರು' ಅಂದರೆ ನಕ್ಕುಬಿಡುತ್ತಾರೆ. ಆ ಬಿಳಿ-ನೀಲಿ ಬಂದದ್ದು ಬೇರೆ ದೇಶಗಳ ಕಡಲತೀರದಿಂದ. ನಮ್ಮ ತೀರ ಕೆಂಪು ಕಲ್ಲಿನದು, ಹೆಂಚಿನದು, ಪಾಚಿಯದು. ವರ್ಷಕ್ಕೆ ನಾಲ್ಕು ತಿಂಗಳು ಅಲ್ಲಿ ಆಕಾಶವೂ ಕಡಲೂ ಒಂದೇ ಬೂದಿ ಬಣ್ಣ.

ನಮ್ಮ ಕರಾವಳಿಯನ್ನು ನಿಜವಾಗಿ ರೂಪಿಸಿದ್ದು ಅಲೆಗಿಂತ ಜಾಸ್ತಿ ಮಳೆ. ವರ್ಷಕ್ಕೆ ಸುಮಾರು 4000 ಮಿ.ಮೀ. ಸುರಿಯುವ ಊರಿನಲ್ಲಿ ಮಾಡು (ಮನೆಯ ಛಾವಣಿ) ಯಾಕೆ ಅಷ್ಟು ಇಳಿಜಾರು, ಜಗಲಿ ಯಾಕೆ ಅಷ್ಟು ಎತ್ತರ, ಅಕ್ಕಿಯನ್ನು ಯಾಕೆ ಹುಲ್ಲಿನಲ್ಲಿ ಬಿಗಿದು ಕಟ್ಟಿಟ್ಟರು ಎಂಬುದಕ್ಕೆಲ್ಲ ಒಂದೇ ಉತ್ತರ. ಆ ಉತ್ತರ ನಿಮ್ಮ ಕುರ್ಚಿ, ಮೇಜು, ದೀಪದಲ್ಲೂ ಇರಬೇಕು. ಕಡಲತೀರದ ಹೆಸರಿನಲ್ಲಿ ಮಾಡಿದ ಸಾಮಾನು ಕಡಲತೀರದ ಮನೆಯಲ್ಲೇ ಒಂದು ಮಳೆಗಾಲ ಬಾಳದಿದ್ದರೆ ಅದೆಂಥ ಕಲೆಕ್ಷನ್, ಅಲ್ವಾ?

ಕೆಳಗೆ ಬರೆದಿರುವುದು ನಾನು ಕೆಲಸ ಮಾಡುವ ಕ್ರಮ. ಉದಾಹರಣೆಗಳೆಲ್ಲ ಉಡುಪಿ ಜಿಲ್ಲೆಯವು. ನೀವು ಗೋಕರ್ಣದ ಕಡೆಯವರೋ ಉಳ್ಳಾಲದವರೋ ಆಗಿದ್ದರೆ ಜಾಗ ಬದಲಿಸಿಕೊಳ್ಳಿ. ಕ್ರಮ ಅದೇ.

1. ಜಾಗವನ್ನು ಚಿಕ್ಕದು ಮಾಡಿ

'ಕರಾವಳಿ' ಅನ್ನುವುದು ಡಿಸೈನ್ ಮಾಡುವವರಿಗೆ ತೀರಾ ದೊಡ್ಡ ಪದ. ಕಾರವಾರದ ಕಾಳಿ ನದಿಯ ಅಳಿವೆಗೂ ಮಂಗಳೂರಿನ ಬಂದರಿಗೂ ಮರ, ಕಲ್ಲು, ಮಾತು, ಮೀನು ಹಿಡಿಯುವ ರೀತಿ ಎಲ್ಲವೂ ಬೇರೆ. ಐವತ್ತು ಚಿಲ್ಲರೆ ಕಿಲೋಮೀಟರ್‌ಗಿಂತ ಹೆಚ್ಚು ತೆಗೆದುಕೊಳ್ಳಬೇಡಿ.

ನಾನು ಹಿಡಿದದ್ದು ಮಲ್ಪೆಯಿಂದ ಮರವಂತೆವರೆಗಿನ ತೀರ. ಇಷ್ಟರಲ್ಲೇ ಒಂದು ದೊಡ್ಡ ಮೀನುಗಾರಿಕಾ ಬಂದರು ಇದೆ. ಎದುರಿಗೆ ಸೇಂಟ್ ಮೇರೀಸ್ ದ್ವೀಪದ ಕಲ್ಲುಕಂಬಗಳಿವೆ. ಕೋಡಿಬೇಂಗ್ರೆಯಲ್ಲಿ ನದಿ ಒಂದು ಕಡೆ, ಕಡಲು ಒಂದು ಕಡೆ, ನಡುವೆ ಸಪೂರದ ನೆಲ. ಹಂಗಾರಕಟ್ಟೆಯಲ್ಲೂ ಕುಂದಾಪುರದಲ್ಲೂ ಹೆಂಚಿನ ಕಾರ್ಖಾನೆಗಳ ಇತಿಹಾಸ ಇದೆ. ಐದು ನದಿ ಸೇರುವ ಪಂಚಗಂಗಾವಳಿ, ಅದರ ಅಂಚಿನ ಕಾಂಡ್ಲಾ (ಮ್ಯಾಂಗ್ರೋವ್) ಕಾಡು, ಕೊನೆಗೆ ಸೌಪರ್ಣಿಕಾ ನದಿಗೂ ಅರಬ್ಬಿ ಸಮುದ್ರಕ್ಕೂ ನಡುವೆ ಹೆದ್ದಾರಿ ಓಡುವ ಮರವಂತೆ. ಒಂದು ಕಲೆಕ್ಷನ್‌ಗೆ ಇದೇ ಜಾಸ್ತಿ.

ಎರಡು ಸಲ ಹೋಗಿ. ಒಮ್ಮೆ ಏಪ್ರಿಲ್‌ನಲ್ಲಿ, ಒಮ್ಮೆ ಜುಲೈಯಲ್ಲಿ. ಏಪ್ರಿಲ್ ಭೇಟಿ ಎಲ್ಲರೂ ಮಾಡುತ್ತಾರೆ. ಜುಲೈಯದ್ದು ಮುಖ್ಯ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ಆಗ ಮಲ್ಪೆ ಬಂದರಿನಲ್ಲಿ ಬೋಟುಗಳು ಒಂದಕ್ಕೊಂದು ತಾಗಿ ನಿಂತಿರುತ್ತವೆ. ಕೆಲವನ್ನು ದಡಕ್ಕೆ ಎಳೆದಿರುತ್ತಾರೆ. ನೀರಿನಲ್ಲಿ ಯಾವತ್ತೂ ಕಾಣದ ಅದರ ಹೊಟ್ಟೆಯ ಬಾಗು ಆಗ ಪೂರ್ತಿ ಕಾಣುತ್ತದೆ. ಶೆಡ್ಡಿನೊಳಗೆ ಬಲೆ ರಿಪೇರಿ ನಡೆಯುತ್ತಿರುತ್ತದೆ. ಕೈಗೆ ಪುರುಸೊತ್ತು ಇರುವುದರಿಂದ ಜನ ಮಾತಾಡುತ್ತಾರೆ. ದ್ವೀಪಕ್ಕೆ ಮಾತ್ರ ಮಳೆಗಾಲದಲ್ಲಿ ದೋಣಿ ಬಿಡುವುದಿಲ್ಲ. ಅದನ್ನು ಏಪ್ರಿಲ್‌ನಲ್ಲೇ ಮುಗಿಸಿಕೊಳ್ಳಿ.

ಜೊತೆಗೆ ಒಂದು ನೋಟ್‌ಬುಕ್, ಅಳತೆ ಟೇಪು, ಪೇಂಟ್ ಕಂಪನಿಯ ಶೇಡ್ ಕಾರ್ಡ್ ಇರಲಿ. ಫೋಟೋ ತೆಗೆಯಿರಿ. ಆದರೆ ಫೋಟೋ ತೆಗೆದ ಪ್ರತಿಯೊಂದರ ಅಳತೆಯನ್ನೂ ಬರೆಯಿರಿ. ಜಗಲಿಯ ಎತ್ತರ ಎಷ್ಟು, ಕಂಬದ ದಪ್ಪ ಎಷ್ಟು, ಬಲೆಯ ಕಣ್ಣು ಎಷ್ಟು ಬೆರಳಗಲ. ಮುಂದೆ ಕೆಲಸಕ್ಕೆ ಬರುವುದು ಈ ಅಂಕಿಗಳೇ. ತೀರದಿಂದ ಏನನ್ನೂ ಹೆಕ್ಕಿ ತರಬೇಡಿ. ಹವಳ, ಕೆಲವು ಜಾತಿಯ ಶಂಖ-ಕವಡೆಗಳು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯೊಳಗೆ ಬರುತ್ತವೆ. ದ್ವೀಪದ ಕಲ್ಲಂತೂ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ.

ಹಳೆ ಮನೆಗಳ ಒಳಗೆ ನೋಡಲು ಪರಿಚಯ ಇಲ್ಲದಿದ್ದರೆ ಮಣಿಪಾಲಕ್ಕೆ ಹೋಗಿ. ವಿಜಯನಾಥ ಶೆಣೈ ಅವರು ಕಟ್ಟಿದ ಹಸ್ತಶಿಲ್ಪ ಹೆರಿಟೇಜ್ ವಿಲೇಜ್‌ನಲ್ಲಿ ಬೇರೆ ಬೇರೆ ಊರಿನ ಹಳೆ ಮನೆಗಳನ್ನು ಬಿಚ್ಚಿ ತಂದು ಮತ್ತೆ ನಿಲ್ಲಿಸಿದ್ದಾರೆ. ಅರ್ಧ ದಿನ ಸಾಲುವುದಿಲ್ಲ.

2. ಕಂಡದ್ದನ್ನು ಬಿಡಿಸಿ ನೋಡಿ

ಹೊಸಬರು ಎಡವುವುದು ಇಲ್ಲಿ. ಮೀನು ಕಂಡರೆ ಮೀನಿನ ಆಕಾರದ ಟ್ರೇ ಮಾಡುತ್ತಾರೆ. ದೋಣಿ ಕಂಡರೆ ದೋಣಿ ಆಕಾರದ ಕಪಾಟು. ಇದನ್ನು ಎರಡನೇ ಸಲ ಯಾರೂ ಕೊಳ್ಳುವುದಿಲ್ಲ.

ಕಂಡ ಪ್ರತಿ ವಸ್ತುವಿನ ಬಗ್ಗೆ ನಾಲ್ಕು ಪ್ರಶ್ನೆ ಕೇಳಿ. ಇದು ನಿಂತಿರುವುದು ಹೇಗೆ? ಇದರ ಮೈ ಹೇಗಿದೆ? ಇದನ್ನು ಜೋಡಿಸಿದ್ದು ಹೇಗೆ? ಮಳೆಗೆ ಇದು ಏನು ಮಾಡುತ್ತದೆ? ಆಕಾರದ ಪ್ರಶ್ನೆಯನ್ನು ಬೇಕೆಂದೇ ಬಿಟ್ಟಿದ್ದೇನೆ. ಈ ನಾಲ್ಕಕ್ಕೆ ಉತ್ತರ ಸಿಕ್ಕರೆ ಆಕಾರ ತಾನಾಗಿ ಬರುತ್ತದೆ.

ಹೆಂಚನ್ನೇ ತೆಗೆದುಕೊಳ್ಳಿ. 1865ರಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯ ಜಾರ್ಜ್ ಪ್ಲೆಬ್ಸ್ಟ್ ಮಂಗಳೂರಿನ ಜೆಪ್ಪುವಿನಲ್ಲಿ ಕಾರ್ಖಾನೆ ಶುರು ಮಾಡಿದ ಮೇಲೆ ಈ ಹೆಂಚು ಊರೂರಿಗೆ ಹೋಯಿತು. ಒಂದು ಹಳೆ ಹೆಂಚನ್ನು ಕೈಯಲ್ಲಿ ಹಿಡಿದು ತಿರುಗಿಸಿ. ಸುಮಾರು 410 ಮಿ.ಮೀ. ಉದ್ದ, 235 ಅಗಲ. ಒಂದು ಅಂಚಿನಲ್ಲಿ ಏಣು, ಅಂದರೆ ಎದ್ದು ನಿಂತ ಗೆರೆ; ಇನ್ನೊಂದು ಅಂಚಿನಲ್ಲಿ ಗಾಡಿ, ಅಂದರೆ ತಗ್ಗಿದ ಸಾಲು. ಒಂದರ ಏಣು ಪಕ್ಕದ್ದರ ಗಾಡಿಗೆ ಕೂರುತ್ತದೆ. ಗಾಳಿ ಎಷ್ಟೇ ತಳ್ಳಿದರೂ ನೀರು ಒಳಗೆ ಹತ್ತುವುದಿಲ್ಲ. ಬೆನ್ನಿನ ಕಡೆ ಸಣ್ಣ ಹಲ್ಲು, ಅದು ಮಾಡಿನ ರೀಪಿಗೆ (ಸಪೂರದ ಮರದ ಪಟ್ಟಿಗೆ) ಕಚ್ಚಿಕೊಳ್ಳುತ್ತದೆ. ಮೊಳೆ ಇಲ್ಲ, ಗಾರೆ ಇಲ್ಲ. ಒಂದು ಒಡೆದರೆ ಅದೊಂದನ್ನೇ ಬದಲಿಸಬಹುದು.

ಇದರಿಂದ ನನಗೆ ಸಿಕ್ಕಿದ್ದು ಒಂದು ಗೋಡೆ ಶೆಲ್ಫ್. ಅದರಲ್ಲಿ ಹೆಂಚಿನ ಚಿತ್ರ ಎಲ್ಲೂ ಇಲ್ಲ. ಗೋಡೆಗೆ ಎರಡು ರೀಪು, ಹಲಗೆಗಳ ಬೆನ್ನಿಗೆ ಹಲ್ಲು, ಹಲಗೆ-ಹಲಗೆ ಸೇರುವಲ್ಲಿ ಏಣು-ಗಾಡಿ. ಸ್ಕ್ರೂ ಡ್ರೈವರ್ ಇಲ್ಲದೆ ಬಿಚ್ಚಿ ಜೋಡಿಸಬಹುದು. ನೋಡಿದವರಲ್ಲಿ ಕರಾವಳಿಯವರು ಮಾತ್ರ 'ಇದು ಮಾಡಿನ ಹಾಗಿದೆ' ಅನ್ನುತ್ತಾರೆ. ನನಗೆ ಅಷ್ಟು ಸಾಕು.

ಗಾಜಿನ ಹೆಂಚು ಇನ್ನೊಂದು. ಕತ್ತಲೆಯ ಅಡುಗೆಮನೆಯ ಮಾಡಿನಲ್ಲಿ ಒಂದೇ ಒಂದು ಗಾಜಿನ ಹೆಂಚು ಹಾಕಿರುತ್ತಿದ್ದರು. ಅದರಿಂದ ಇಳಿಯುವ ಬಿಸಿಲಕೋಲು ಕೆಂಪು ನೆಲದ ಮೇಲೆ ನಿಧಾನಕ್ಕೆ ಸರಿಯುತ್ತಿತ್ತು. ಅಜ್ಜಿಯಂದಿರು ಗಡಿಯಾರ ನೋಡದೆ ಅದನ್ನು ನೋಡಿ ಅನ್ನಕ್ಕೆ ಇಡುತ್ತಿದ್ದರು. ಗೋಡೆಗೆ ಹಾಕುವ ದೀಪ ಮಾಡುವಾಗ ಕೋಣೆಯಿಡೀ ಬೆಳಕು ಚೆಲ್ಲಬೇಡಿ. ಒಂದು ಸಪೂರ ಪಟ್ಟಿ ಬೆಳಕು ಸಾಕು.

ಸೇಂಟ್ ಮೇರೀಸ್‌ನ ಕಂಬಗಳ ಬಗ್ಗೆ ಒಂದು ಎಚ್ಚರಿಕೆ. ಸುಮಾರು 8.8 ಕೋಟಿ ವರ್ಷ ಹಿಂದೆ, ಮಡಗಾಸ್ಕರ್ ಭಾರತದಿಂದ ಬೇರೆಯಾಗುವ ಕಾಲದಲ್ಲಿ ಉಕ್ಕಿದ ಲಾವಾ ತಣಿದು, ಕುಗ್ಗಿ, ಬಿರುಕು ಬಿಟ್ಟು ಆದ ಕಂಬಗಳು ಅವು. ಎಲ್ಲರೂ ಅವನ್ನು ಆರು ಮುಖದ್ದು ಅಂತಲೇ ಬಿಡಿಸುತ್ತಾರೆ, ಜೇನುಗೂಡಿನ ಹಾಗೆ. ಹತ್ತಿರ ಹೋಗಿ ಎಣಿಸಿ. ಐದು ಮುಖದ್ದು ಇದೆ, ಏಳು ಮುಖದ್ದೂ ಇದೆ. ಒಂದರ ಬದಿ ಇನ್ನೊಂದಕ್ಕೆ ಸಮ ಇಲ್ಲ. ಎತ್ತರವಂತೂ ಒಂದೊಂದಕ್ಕೆ ಒಂದೊಂದು. ಆದರೂ ನಡುವೆ ಸಂದಿಲ್ಲದ ಹಾಗೆ ಕೂತಿವೆ. ಮೂರು ಸ್ಟೂಲ್ ಮಾಡುವುದಾದರೆ ಐದು, ಆರು, ಏಳು ಮುಖದ್ದು ಮಾಡಿ, ತಾಗುವ ಬದಿಗಳನ್ನು ಮಾತ್ರ ಸಮ ಇಡಿ. ಎತ್ತರ 300, 380, 450 ಮಿ.ಮೀ. ಒಟ್ಟಿಗೆ ಇಟ್ಟರೆ ಟೀಪಾಯಿ, ಬಿಡಿಸಿದರೆ ಮೂರು ಜನಕ್ಕೆ ಕೂರಲಿಕ್ಕೆ ಆಯಿತು. ಸಮ ಷಟ್ಕೋನದ್ದು ಎಲ್ಲ ಕಡೆ ಸಿಗುತ್ತದೆ, ಅದಕ್ಕೆ ಮಲ್ಪೆವರೆಗೆ ಹೋಗಬೇಕಾಗಿಲ್ಲ.

3. ಒಂದು ವಸ್ತುವಿನ ಹತ್ತಿರ ತುಂಬ ಹೊತ್ತು ಕೂರಿ

ಹತ್ತು ವಸ್ತುಗಳನ್ನು ಅರ್ಧಂಬರ್ಧ ನೋಡುವ ಬದಲು ಒಂದನ್ನು ಪೂರ್ತಿ ನೋಡಿ. ನನಗೆ ಅದು ಮುಡಿ.

ಗೊತ್ತಿಲ್ಲದವರಿಗೆ ಹೇಳುವುದಾದರೆ, ಅಕ್ಕಿಯನ್ನು ಬೈಹುಲ್ಲಿನಲ್ಲಿ ಸುತ್ತಿ, ಹುಲ್ಲಿನದೇ ಹಗ್ಗದಿಂದ ಬಿಗಿದು ಮಾಡಿದ ದೊಡ್ಡ ಉಂಡೆ ಮುಡಿ. ಒಂದು ಮುಡಿ ಅಂದರೆ ಮೂರು ಕಳಸೆ, 42 ಸೇರು. ಅದು ಅಳತೆಯೂ ಹೌದು, ಪಾತ್ರೆಯೂ ಹೌದು. ಕಟ್ಟುವುದನ್ನು ನೋಡಬೇಕು. ಹುಲ್ಲನ್ನು ನೆಲದ ಮೇಲೆ ಚಕ್ರದ ಹಾಗೆ ಹರಡುತ್ತಾರೆ. ನಡುವೆ ಅಕ್ಕಿ ಸುರಿಯುತ್ತಾರೆ. ಹುಲ್ಲಿನ ತುದಿಗಳನ್ನು ಮೇಲೆ ಎತ್ತಿ ಜುಟ್ಟಿನ ಹಾಗೆ ಕಟ್ಟುತ್ತಾರೆ. ಆಮೇಲೆ ಶುರುವಾಗುತ್ತದೆ ನಿಜವಾದ ಕೆಲಸ. ಹಗ್ಗ ಸುತ್ತುವುದು, ಮರದ ಕೊಡತಿಯಿಂದ ಬಡಿಯುವುದು, ಸಡಿಲವಾದದ್ದನ್ನು ಎಳೆಯುವುದು, ಮತ್ತೆ ಬಡಿಯುವುದು. ಕೊನೆಗೆ ಅದು ಕಲ್ಲಿನಷ್ಟು ಗಟ್ಟಿ. ಅಟ್ಟದ ಮೇಲೆ ಒಲೆಯ ಹೊಗೆ ತಾಗುವಲ್ಲಿ ಇಟ್ಟರೆ ಮಳೆಗಾಲ ಕಳೆದರೂ ಅಕ್ಕಿಗೆ ಹುಳ ಹತ್ತುವುದು ಕಡಿಮೆ.

ಇದನ್ನು ನೋಡಿ ಮೊದಲು ನಾನು ಮಾಡಿದ್ದು ಹುಲ್ಲಿನ ದುಂಡನೆಯ ಲ್ಯಾಂಪ್ ಶೇಡ್. ಚಂದ ಕಾಣುತ್ತಿತ್ತು. ಆದರೆ ಸುಳ್ಳು ಅನಿಸಿತು. ಮುಡಿಯ ಜೀವ ಇರುವುದು ಬಿಗಿಯಲ್ಲಿ. ಒಳಗಿಂದ ಅಕ್ಕಿ ಹೊರಗೆ ತಳ್ಳುತ್ತದೆ, ಹೊರಗಿಂದ ಹಗ್ಗ ಒಳಗೆ ಎಳೆಯುತ್ತದೆ. ಶೇಡ್‌ನೊಳಗೆ ಏನಿದೆ? ಗಾಳಿ. ಹಾಗಾಗಿ ಅದನ್ನು ಕೂರುವ ದಿಂಬು ಮಾಡಿದೆ. ಒಳಗೆ ತೆಂಗಿನ ನಾರಿನ ಹುಡಿ-ನಾರು ಬಿಗಿಯಾಗಿ ತುಂಬಿ, ಮೇಲೆ ದಪ್ಪ ಹತ್ತಿ ಬಟ್ಟೆ, ಅದರ ಮೇಲೆ ನಾರಿನ ಹುರಿಯ ಸುತ್ತು. 380 ಮಿ.ಮೀ. ಎತ್ತರ. ಕೂತಾಗ ಅದು ತಗ್ಗುವುದಿಲ್ಲ, ಇನ್ನಷ್ಟು ಬಿಗಿಯಾಗುತ್ತದೆ. ಈಗ ಇಡೀ ಕಲೆಕ್ಷನ್‌ನಲ್ಲಿ ಜನ ಮೊದಲು ಮುಟ್ಟುವುದು ಅದನ್ನೇ.

ಹೀಗೆ ಕೂತು ನೋಡಲು ಇನ್ನೂ ಬೇಕಾದಷ್ಟಿದೆ. ನಾಟಿ ಮಾಡುವ ಹೆಂಗಸರು ಮಳೆಗೆ ಅಡ್ಡವಾಗಿ ಬೆನ್ನಿಗೆ ಹಾಕಿಕೊಳ್ಳುತ್ತಿದ್ದ ಗೊರಬು, ತುಳುವಿನವರ ಕೊರಂಬು, ಬಗ್ಗಿದ ಮೈಗೆ ಸರಿಯಾಗಿ ಬಾಗಿದ ಮಾಡು ಅದು. ಓದುವ ಕುರ್ಚಿಯ ಬೆನ್ನು ಹಾಗೆ ತಲೆ ಮೇಲೆ ಬಾಗಿ ಬಂದರೆ ಹೇಗಿರಬಹುದು? ದಡದಿಂದ ಎಳೆಯುವ ರಂಪಣಿ ಬಲೆಗೆ ಊರಿಗೆ ಊರೇ ಎರಡು ಸಾಲಾಗಿ ನಿಲ್ಲುತ್ತಿತ್ತು. 1970ರ ದಶಕದಲ್ಲಿ ಯಾಂತ್ರಿಕ ಬೋಟಿನಿಂದ ಹಾಕುವ ಪರ್ಸೀನ್ ಬಲೆ ಬಂದ ಮೇಲೆ ಅದು ಮೂಲೆ ಸೇರಿತು. ಆದರೆ ಬಲೆಯ ಗಂಟು ಹಾಕುವ ಕೈಗಳು ಇನ್ನೂ ಇವೆ. ಕೋಣೆ ನಡುವಿನ ತೆರೆಯನ್ನು ಅವರ ಕೈಯಲ್ಲೇ ಹೆಣೆಸಿ. ಮೇಲೆ ಕಣ್ಣು ದೊಡ್ಡದು, ಕೆಳಗೆ ಬರುತ್ತಾ ಸಣ್ಣದು.

4. ಬಣ್ಣ

ಶೇಡ್ ಕಾರ್ಡ್ ತೆಗೆದುಕೊಂಡು ಬೆಳಿಗ್ಗೆ ಏಳು-ಎಂಟರ ಹೊತ್ತಿಗೆ ಹೊರಡಿ. ಫೋನಿನ ಫೋಟೋದಿಂದ ಬಣ್ಣ ಎತ್ತಬೇಡಿ, ಅದು ಎಲ್ಲವನ್ನೂ ಹೊಳೆಯಿಸುತ್ತದೆ. ಕಾರ್ಡನ್ನು ಕಲ್ಲಿಗೇ ಹಿಡಿದು ನಂಬರ್ ಬರೆದುಕೊಳ್ಳಿ.

ಆಗ ತಾನೇ ಕಡಿದ ಕೆಂಪು ಕಲ್ಲು ಕಿತ್ತಳೆಗೆ ಹತ್ತಿರ, ನಡುವೆ ಅರಿಶಿನದ ಚುಕ್ಕೆ. ಎರಡು ಮಳೆಗಾಲ ಕಂಡ ಅದೇ ಕಲ್ಲು ಕಪ್ಪು. ಹಳೆ ಹೆಂಚು ಕಂದು. ರೆಡ್ ಆಕ್ಸೈಡ್ ನೆಲ ಕಾಲಿನ ಎಣ್ಣೆ ಕುಡಿದು ಕುಡಿದು ಕಡುಗೆಂಪು. ಜುಲೈಯ ಕಡಲು ಕೆಸರುಬೂದು, ಅಳಿವೆಯ ಬಾಯಲ್ಲಿ ಚಹಾದ ಬಣ್ಣ. ಕಾಂಡ್ಲಾ ಎಲೆ ಮೇಣ ಹಚ್ಚಿದಂಥ ಹಸಿರು. ನೀಲಿ ಇಲ್ಲವೇ ಇಲ್ಲ ಅಂತಲ್ಲ. ಇರುವುದು ಬೋಟಿನ ಮೈಮೇಲೆ, ಹಳದಿ, ಕೆಂಪುಗಳ ಪಕ್ಕ, ಕಣ್ಣಿಗೆ ಹೊಡೆಯುವ ಹಾಗೆ.

ಪ್ರಮಾಣಕ್ಕೆ ಹಳೆ ಮನೆಯ ಚಾವಡಿಯನ್ನೇ ಅಳತೆ ಮಾಡಿಕೊಳ್ಳಿ. ಜಾಸ್ತಿ ಜಾಗ ಸುಣ್ಣದ ಬಿಳಿ. ಆಮೇಲೆ ನೆಲದ ಕೆಂಪು, ಮರದ ಕಪ್ಪು-ಕಂದು. ಜೋರು ಬಣ್ಣ ಎಲ್ಲೋ ಒಂದು ಕಡೆ, ಹಗ್ಗದ ಮೇಲೆ ಒಣಹಾಕಿದ ಸೀರೆಯಷ್ಟು. ಕಲೆಕ್ಷನ್‌ನಲ್ಲೂ ಬೋಟಿನ ನೀಲಿಯನ್ನು ಒಂದೇ ಸಾಮಾನಿಗೆ, ಅದೂ ಒಳಮೈಗೆ ಕೊಡಿ. ನಾನು ಕೊಟ್ಟದ್ದು ಪೆಟ್ಟಿಗೆಯ ಮುಚ್ಚಳದ ಒಳಗೆ.

ಬಟ್ಟೆಗೆ ಉಡುಪಿ ಸೀರೆಯ ನೇಯ್ಗೆ ನೋಡಿ. 2016ರಲ್ಲಿ ಅದಕ್ಕೆ ಜಿಐ (ಭೌಗೋಳಿಕ ಗುರುತು) ಮಾನ್ಯತೆ ಸಿಕ್ಕಿತು. ತೆಳು ಹತ್ತಿ, ಸಣ್ಣ ಚೌಕಳಿ, ಸರಳ ಅಂಚು. ಸೀರೆಯನ್ನೇ ಕತ್ತರಿಸಿ ಸೋಫಾಗೆ ಹೊಲಿಯಬೇಡಿ, ಆರು ತಿಂಗಳಲ್ಲಿ ಹರಿಯುತ್ತದೆ. ಅದೇ ಚೌಕಳಿಯನ್ನು ದಪ್ಪ ನೂಲಿನಲ್ಲಿ ನೇಯ್ದು ಕೊಡಲಾಗುತ್ತದೆಯಾ ಅಂತ ನೇಕಾರರ ಸಂಘದಲ್ಲಿ ಕೇಳಿ. ಕಡಿಮೆ ಗಜಕ್ಕೆ ಮಗ್ಗ ಹೂಡುವುದು ಅವರಿಗೆ ನಷ್ಟ. ಎಷ್ಟು ಗಜ ಬೇಕು ಅನ್ನುವುದನ್ನು ಮೊದಲೇ ಲೆಕ್ಕ ಹಾಕಿಕೊಂಡು ಹೋಗಿ.

5. ಎಷ್ಟು ಸಾಮಾನು, ಯಾವ ಅಳತೆ

ಮೊದಲ ಕಲೆಕ್ಷನ್‌ಗೆ ಏಳು ಸಾಕು. ಹನ್ನೆರಡು ಮಾಡಲು ಹೋದರೆ ದುಡ್ಡು ಮರದಲ್ಲೇ ಹೂತುಹೋಗುತ್ತದೆ. ಏಳರಲ್ಲಿ ಒಂದು ಜನ ನಿಂತು ನೋಡುವಂಥದ್ದು, ಮೂರು ದಿನಬಳಕೆಗೆ ಮಾರಾಟ ಆಗುವಂಥದ್ದು, ಉಳಿದದ್ದು ಕೈಯಲ್ಲಿ ಎತ್ತಿಕೊಂಡು ಹೋಗುವಷ್ಟು ಸಣ್ಣದು.

ನನ್ನದು ಹೀಗಾಯಿತು: ಜಗಲಿ ಬೆಂಚು, ಮೂರು ಕಲ್ಲುಕಂಬ ಸ್ಟೂಲಿನ ಒಂದು ಸೆಟ್, ಮರವಂತೆ ಮೇಜು, ಹೆಂಚಿನ ಜೋಡಣೆಯ ಶೆಲ್ಫ್, ಮುಡಿ ದಿಂಬು, ಗಾಜಿನ ಹೆಂಚಿನ ದೀಪ, ಡ್ರಾಯರ್ ಇರುವ ಪೆಟ್ಟಿಗೆ. ಗೊರಬಿನ ಕುರ್ಚಿ ಇನ್ನೂ ಕಾಗದದ ಮೇಲಿದೆ. ಬೆತ್ತ ಬಗ್ಗಿಸುವ ಕೈ ಸಿಗದೆ ನಿಂತಿದೆ.

ಮರವಂತೆ ಮೇಜಿನ ಕತೆ ಸ್ವಲ್ಪ ಹೇಳಬೇಕು. ಎರಡು ಅಗಲ ಹಲಗೆ, ನಡುವೆ 40 ಮಿ.ಮೀ. ಅಗಲದ ಕಪ್ಪು ಪಟ್ಟಿ. ಒಂದು ಹಲಗೆ ನುಣುಪು, ಅದು ನದಿ. ಇನ್ನೊಂದಕ್ಕೆ ಉಳಿಯ ಗುರುತು ಬಿಟ್ಟದ್ದು, ಅದು ಕಡಲು. ನಡುವಿನ ಪಟ್ಟಿ ಹೆದ್ದಾರಿ. ಕೇಳಿದರೆ ಬಾಲಿಶ ಅನಿಸಬಹುದು. ಆದರೆ ಪಟ್ಟಿಯ ಎರಡೂ ಬದಿಗೆ 3 ಮಿ.ಮೀ. ಸಂದು ಇದೆ. ಹಲಗೆ ಮಳೆಗಾಲದಲ್ಲಿ ಹಿಗ್ಗಿದಾಗ ಆ ಸಂದಿಗೆ ಬರುತ್ತದೆ, ಬೇಸಿಗೆಯಲ್ಲಿ ಹಿಂದೆ ಸರಿಯುತ್ತದೆ. ನೋಟಕ್ಕೆ ಬೇಕಾದದ್ದೂ ಮರಕ್ಕೆ ಬೇಕಾದದ್ದೂ ಒಂದೇ ಗೆರೆಯಲ್ಲಿ ಸಿಕ್ಕಿದ್ದು ಆ ಮೇಜಿನಲ್ಲಿ ಮಾತ್ರ.

ಅಳತೆಯಲ್ಲಿ ಹೊಸತನ ಬೇಡ. ಕುರ್ಚಿಯ ಕೂರುವ ಎತ್ತರ 430ರಿಂದ 450 ಮಿ.ಮೀ., ಊಟದ ಮೇಜು 750, ಟೀಪಾಯಿ 400ರ ಆಸುಪಾಸು. ಬೆಂಚಿನ ಅಗಲ 420. ವಯಸ್ಸಾದವರು ಇರುವ ಮನೆಗೆ ತಗ್ಗು ಕುರ್ಚಿ ಮಾರಬೇಡಿ, ಕೂತರೆ ಏಳಲಿಕ್ಕೆ ಆಗುವುದಿಲ್ಲ.

6. ಮರ, ನಾರು, ಲೋಹ

ಸಾಗುವಾನಿ ಒಳ್ಳೆಯದು, ಎಲ್ಲರಿಗೂ ಗೊತ್ತು, ದುಬಾರಿ. ನನ್ನ ಒಲವು ಹಲಸಿನ ಕಡೆ. ಕಡಿದಾಗ ಹಳದಿ, ವರ್ಷ ಕಳೆದಂತೆ ಜೇನಿನ ಬಣ್ಣ, ಆಮೇಲೆ ಕಂದು. ಹೆಬ್ಬಲಸು ದೋಣಿಗೂ ಬಳಸುತ್ತಿದ್ದ ಮರ. ಹಳೆ ಮನೆ ಕೆಡವುವಲ್ಲಿ ಸಿಗುವ ತೊಲೆ, ಬಾಗಿಲುವಾಡ ಎಲ್ಲಕ್ಕಿಂತ ಉತ್ತಮ. ಎಪ್ಪತ್ತು-ಎಂಬತ್ತು ಮಳೆಗಾಲ ಕಂಡ ಮರಕ್ಕೆ ಹೊಸದಾಗಿ ಆಗುವುದು ಏನೂ ಉಳಿದಿರುವುದಿಲ್ಲ. ಮೊಳೆ ಮಾತ್ರ ಒಂದೊಂದಾಗಿ ಕೀಳಿಸಿ, ಇಲ್ಲದಿದ್ದರೆ ಗರಗಸದ ಹಲ್ಲು ಹೋಗುತ್ತದೆ.

ತೆಂಗಿನ ಮರ ಅಗ್ಗ ಅಂತ ಹಾರಬೇಡಿ. ಹೊರಗಿನ ಭಾಗ ಕಬ್ಬಿಣ, ಒಳಗಿನದು ಸ್ಪಂಜು. ಹಳೆ ಮರದ ಹೊರ ಸುತ್ತಿನಿಂದ ಸಪೂರದ ಪಟ್ಟಿ ಮಾತ್ರ ತೆಗೆಯಿರಿ. ಕಾಲಿಗೆ, ಹಿಡಿಗೆ ಚೆನ್ನಾಗಿರುತ್ತದೆ.

ನಾರಿನ ಹುರಿ ಉಪ್ಪುನೀರಿಗೆ ಜಗ್ಗುವುದಿಲ್ಲ. ಸಿಪ್ಪೆಯನ್ನು ಹಿನ್ನೀರಿನಲ್ಲಿ ತಿಂಗಳುಗಟ್ಟಲೆ ಕೊಳೆಹಾಕಿ ತೆಗೆದ ನಾರು ಅದು, ನೀರಿನಲ್ಲೇ ಹುಟ್ಟಿದ್ದು. ಬೆತ್ತ ಹಾಗಲ್ಲ. ಕಟ್ಟಿಡುವ ಮೊದಲು ಬೋರಾಕ್ಸ್ ಮತ್ತು ಬೋರಿಕ್ ಆಸಿಡ್ ಹಾಕಿದ ನೀರಿನಲ್ಲಿ ನೆನೆಸಿ ಒಣಗಿಸದಿದ್ದರೆ ಕುಟ್ಟೆ ಹುಳ ಹಿಡಿದು ಹಿಟ್ಟು ಉದುರುತ್ತದೆ. ಪ್ಲೈವುಡ್ ಬೇಕೇ ಬೇಕಾದರೆ ಐಎಸ್ 710 ಗುರುತಿನ ಮರೈನ್ ಗ್ರೇಡ್ ತೆಗೆದುಕೊಳ್ಳಿ.

ಲೋಹದಲ್ಲಿ ಕಂಜೂಸ್ತನ ಮಾಡಬೇಡಿ. ಕಡಲಿಗೆ ಒಂದೆರಡು ಕಿಲೋಮೀಟರ್ ಒಳಗಿನ ಮನೆಗೆ ಸಾದಾ ಕಬ್ಬಿಣದ ಸ್ಕ್ರೂ ಹಾಕಿದರೆ ಮರದ ಮೇಲೆ ತುಕ್ಕಿನ ಕಣ್ಣೀರು ಇಳಿಯುತ್ತದೆ. 304 ಗ್ರೇಡಿನ ಸ್ಟೇನ್‌ಲೆಸ್ ಸ್ಟೀಲಿಗೂ ಉಪ್ಪುಗಾಳಿ ಕಂದು ಚುಕ್ಕೆ ಹಾಕುತ್ತದೆ. 316 ಗ್ರೇಡ್ ಕೇಳಿ, ಅದರಲ್ಲಿ ಮಾಲಿಬ್ಡಿನಂ ಇರುವುದರಿಂದ ತಡೆದುಕೊಳ್ಳುತ್ತದೆ. ಅಥವಾ ಹಿತ್ತಾಳೆ. ಹಸಿರು ಕಟ್ಟಿದರೂ ಹಿತ್ತಾಳೆಗೆ ಒಂದು ಚಂದ ಇದೆ.

ಮೇಲಿನ ಲೇಪಕ್ಕೆ ಹಿಂದಿನವರು ದೋಣಿಗೂ ಮಾಡಿನ ಮರಕ್ಕೂ ಗೇರುಬೀಜದ ಸಿಪ್ಪೆಯ ಎಣ್ಣೆ ಹಚ್ಚುತ್ತಿದ್ದರು. ಕಪ್ಪು ಮಿನುಗು ಬರುತ್ತದೆ, ಹುಳ ಹತ್ತಿರ ಸುಳಿಯುವುದಿಲ್ಲ. ಚರ್ಮಕ್ಕೆ ತಾಗಿದರೆ ಸುಡುತ್ತದೆ, ಹಾಗಾಗಿ ಕೈಗವಸು ಇಲ್ಲದೆ ಮುಟ್ಟಬೇಡಿ, ಕೂರುವ ಜಾಗಕ್ಕೆ ಹಚ್ಚಲೇಬೇಡಿ. ನಾನು ಮೇಜಿನ ಅಡಿಮೈಗೂ ಕಾಲಿನ ತುದಿಗೂ ಮಾತ್ರ ಬಳಸುತ್ತೇನೆ. ಲೇಪ ಯಾವುದೇ ಇರಲಿ, ಹಲಗೆಯ ಎರಡೂ ಮೈಗೆ ಹಚ್ಚಿ. ಒಂದೇ ಮೈಗೆ ಹಚ್ಚಿದರೆ ಹಲಗೆ ಬಾಗಿ ತೊಟ್ಟಿಲಾಗುತ್ತದೆ.

7. ಮಳೆಗಾಲಕ್ಕೆ ಜಾಗ ಬಿಡಿ

ಇದು ನಾನು ದುಡ್ಡು ಕೊಟ್ಟು ಕಲಿತ ಪಾಠ. ಮೊದಲ ಪೆಟ್ಟಿಗೆಯನ್ನು ಮಾರ್ಚ್‌ನಲ್ಲಿ ಮಾಡಿದೆ. ಡ್ರಾಯರ್‌ನ ಮುಖ 200 ಮಿ.ಮೀ. ಎತ್ತರ, ಗಟ್ಟಿ ಮರ. ಮೇಲೆ-ಕೆಳಗೆ ಸೇರಿ ಒಂದೇ ಮಿ.ಮೀ. ಸಂದು, ಕೂದಲು ಹೋಗದ ಹಾಗೆ. ಎಲ್ಲರೂ ಹೊಗಳಿದರು. ತೆಗೆದುಕೊಂಡವರು ಜೂನ್ ಕೊನೆಗೆ ಫೋನ್ ಮಾಡಿದರು, ಡ್ರಾಯರ್ ಬರುತ್ತಿಲ್ಲ, ಒಳಗೆ ಮನೆಯ ಕಾಗದಪತ್ರ ಇದೆ ಅಂತ. ಹೋಗಿ ಎಳೆದೆ, ಹಿಡಿ ಕೈಗೆ ಬಂತು. ಕೊನೆಗೆ ಹಿಂದಿನ ಹಲಗೆ ಬಿಚ್ಚಿ ಕಾಗದ ತೆಗೆದುಕೊಟ್ಟೆ. ಡ್ರಾಯರ್ ತಾನಾಗಿ ತೆರೆದುಕೊಂಡದ್ದು ಡಿಸೆಂಬರ್‌ನಲ್ಲಿ. ಜೊತೆಗಿದ್ದ ಮರಗೆಲಸದ ಆಚಾರ್ರು ನಗುತ್ತಾ ಅಂದರು, 'ಎಂತ ಮಾರಾಯ್ರೆ, ಮಳೆಗೂ ಸ್ವಲ್ಪ ಜಾಗ ಬಿಡ್ಬೇಕಲ್ಲ!'

ಲೆಕ್ಕ ಸುಲಭ. ಮರ ಉದ್ದಕ್ಕೆ ಹಿಗ್ಗುವುದು ಇಲ್ಲವೇ ಇಲ್ಲ ಅನ್ನಬಹುದು, ಹಿಗ್ಗುವುದು ಅಗಲಕ್ಕೆ. ಬೇಸಿಗೆಯಲ್ಲಿ ಮರದೊಳಗಿನ ತೇವ ಶೇ. 12ರ ಆಸುಪಾಸು ಇದ್ದರೆ ಜುಲೈಯಲ್ಲಿ ಅದು 18ರ ಹತ್ತಿರ ಹೋಗುತ್ತದೆ. ಈ ಆರು ಅಂಶಕ್ಕೆ 100 ಮಿ.ಮೀ. ಅಗಲದ ಸಾಗುವಾನಿ ಹಲಗೆ ಒಂದು ಮಿ.ಮೀ.ಗಿಂತ ಸ್ವಲ್ಪ ಜಾಸ್ತಿ ಬೆಳೆಯುತ್ತದೆ. ನನ್ನ 200ರ ಡ್ರಾಯರ್‌ಗೆ 2ಕ್ಕಿಂತ ಜಾಸ್ತಿ ಬೇಕಿತ್ತು, ನಾನು ಬಿಟ್ಟದ್ದು 1. ಬೇಸಿಗೆಯಲ್ಲಿ ಕೆಲಸ ಮಾಡುವುದಾದರೆ ಪ್ರತಿ 100ಕ್ಕೆ ಒಂದೂವರೆ ಮಿ.ಮೀ. ಬಿಡಿ.

ಉಲ್ಟಾ ತೊಂದರೆಯೂ ಇದೆ. ಆಗಸ್ಟ್‌ನಲ್ಲಿ ಕುಂದಾಪುರದಲ್ಲಿ ಮಾಡಿದ ಮೇಜು ಮಾರ್ಚ್‌ನಲ್ಲಿ ಬೆಂಗಳೂರಿನ ಎಸಿ ಮನೆಯಲ್ಲಿ ಒಣಗಿ ಸೀಳುತ್ತದೆ. ತೇವ ಅಳೆಯುವ ಮೀಟರ್ ಒಂದು ಕೊಂಡುಕೊಳ್ಳಿ. ಬೆಂಗಳೂರಿಗೆ ಹೋಗುವ ಸಾಮಾನಿಗೆ 10ರ ಆಸುಪಾಸಿಗೆ ಒಣಗಿಸಿದ ಮರ ಬೇಕು.

ಮೇಜಿನ ಮೇಲ್ಹಲಗೆಯನ್ನು ಚೌಕಟ್ಟಿಗೆ ಅಂಟು ಹಾಕಿ ಕೂರಿಸಬೇಡಿ. ಅಡಿಯಿಂದ ಸ್ಕ್ರೂ ಹಾಕಿ, ಅದರ ತೂತನ್ನು ಹಲಗೆಯ ಅಗಲದ ದಿಕ್ಕಿಗೆ ಉದ್ದ ಮಾಡಿ. ಹಲಗೆ ಸರಿದಾಗ ಸ್ಕ್ರೂ ಜೊತೆಗೆ ಸರಿಯುತ್ತದೆ. ಕಾಲಿನ ಜೋಡಣೆಗೆ ಒಂದು ಮರಕ್ಕೆ ಚೌಕ ತೂತು ಕೊರೆದು ಇನ್ನೊಂದರ ತುದಿಯನ್ನು ಅದರೊಳಗೆ ಕೂರಿಸುವ ಹಳೆ ಕ್ರಮಕ್ಕಿಂತ ಒಳ್ಳೆಯದು ನನಗೆ ಗೊತ್ತಿಲ್ಲ. ಒದ್ದೆ ಒರೆಸುವ ನೆಲ ಕಾಲಿನ ತುದಿಗೆ ತಾಗದ ಹಾಗೆ 5 ಮಿ.ಮೀ. ಹಿತ್ತಾಳೆಯ ಬಿಲ್ಲೆ ಹಾಕಿ. ಗೋಡೆಗೆ ಒರಗುವ ಸಾಮಾನಿನ ಬೆನ್ನಿಗೆ ಗಾಳಿ ಆಡಲು ಬೆರಳಷ್ಟು ಜಾಗ ಇರಲಿ, ಇಲ್ಲದಿದ್ದರೆ ಅಲ್ಲೇ ಬೂಷ್ಟು ಹಿಡಿಯುವುದು.

8. ಮಾದರಿ

ಮೊದಲು ರಟ್ಟಿನಲ್ಲಿ, ಐದರಲ್ಲೊಂದು ಅಳತೆಗೆ. ಏಳೂ ಸಾಮಾನು ಒಂದೇ ಹಲಗೆಯ ಮೇಲೆ ಇಟ್ಟು ನೋಡಿ. ಒಂದು ಮನೆಯ ಮಕ್ಕಳ ಹಾಗೆ ಕಾಣಬೇಕು, ಒಂದೇ ಮುಖದ ಅವಳಿಗಳ ಹಾಗಲ್ಲ. ಯಾವುದಾದರೂ ಒಂದು ಸಂಗತಿ ಎಲ್ಲದರಲ್ಲೂ ಬರಲಿ. ನನ್ನದರಲ್ಲಿ ಅದು 3 ಮಿ.ಮೀ. ಸಂದು.

ಆಮೇಲೆ ಅಗ್ಗದ ಮರದಲ್ಲಿ ಪೂರ್ತಿ ಅಳತೆಗೆ ಒಂದೊಂದು. ಎತ್ತರದವರನ್ನು, ಗಿಡ್ಡ ಇರುವವರನ್ನು, ಮಂಡಿ ನೋವಿನ ಅತ್ತೆಯನ್ನು ಕರೆದು ಕೂರಿಸಿ. ಹೊಗಳಿಕೆ ಕೇಳಬೇಡಿ, ಏಳುವಾಗ ಕೈ ಎಲ್ಲಿ ಊರುತ್ತಾರೆ ನೋಡಿ. ಮಾದರಿಯನ್ನು ಒಂದು ಮಳೆಗಾಲ ಜಗಲಿಯಲ್ಲಿ ಬಿಟ್ಟುಬಿಡಿ. ಅವಸರ ಇದ್ದವರಿಗೆ ಈ ಮಾತು ಸಿಟ್ಟು ತರಿಸುತ್ತದೆ, ಗೊತ್ತು. ಇಡೀ ಸಾಮಾನು ಆಗದಿದ್ದರೆ ಜೋಡಣೆಯ ತುಂಡು, ಲೇಪ ಹಚ್ಚಿದ ತುಂಡು, ಬಟ್ಟೆಯ ತುಂಡನ್ನಾದರೂ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಡಿ.

9. ಕೈಗಳು, ಬೆಲೆ

ಡ್ರಾಯಿಂಗ್ ಕೊಟ್ಟು 'ಹೀಗೇ ಬೇಕು' ಅಂದರೆ ಆಚಾರ್ರು ಹಾಗೇ ಮಾಡಿಕೊಡುತ್ತಾರೆ, ತಪ್ಪಿದ್ದರೂ. ಡ್ರಾಯಿಂಗ್ ಇಟ್ಟು 'ಇದು ನಿಲ್ಲುತ್ತದಾ?' ಅಂತ ಕೇಳಿ. ಮುಡಿ ಕಟ್ಟುವವರು, ಬಲೆ ಹೆಣೆಯುವವರು ಫರ್ನಿಚರ್ ಕೆಲಸದವರಲ್ಲ. ಅವರಿಗೆ ತುಂಡಿನ ಲೆಕ್ಕದಲ್ಲಿ ಕೊಡಬೇಡಿ, ಮೊದಲ ಮಾದರಿಗಳಿಗೆ ದಿನದ ಕೂಲಿ ಕೊಡಿ. ಕಲಿಯುವ ಹೊತ್ತಿನ ತಪ್ಪು ನಿಮ್ಮ ಖರ್ಚು, ಅವರದಲ್ಲ.

ಬೆಲೆಯಲ್ಲಿ ಎಲ್ಲರೂ ಮರೆಯುವುದು ಮರದ ವೇಸ್ಟ್. 1500 ಮಿ.ಮೀ. ಉದ್ದದ, 35 ದಪ್ಪದ ಜಗಲಿ ಬೆಂಚಿನಲ್ಲಿ ಕೊನೆಗೆ ಉಳಿಯುವ ಮರ ಒಂದೂಕಾಲು ಘನ ಅಡಿಗಿಂತ ಸ್ವಲ್ಪ ಹೆಚ್ಚು. ಕೊಳ್ಳಬೇಕಾದದ್ದು ಎರಡರ ಹತ್ತಿರ. ಅಂಗಡಿಯ ಮೂಲಕ ಮಾರುವುದಾದರೆ ಅವರ ಪಾಲನ್ನು ಮೊದಲ ದಿನವೇ ಬೆಲೆಯೊಳಗೆ ಸೇರಿಸಿ. ಆಮೇಲೆ ಏರಿಸಲು ಹೋದರೆ ಮುಖ ಕೆಡುತ್ತದೆ. ಪ್ಯಾಕಿಂಗ್, ಸಾಗಣೆ ಬೇರೆ.

ಕೊನೆಯದಾಗಿ, ಪ್ರತಿ ಸಾಮಾನಿನ ಜೊತೆ ಒಂದು ಚೀಟಿ ಕೊಡಿ. ನನ್ನ ಪೆಟ್ಟಿಗೆಯ ಚೀಟಿಯಲ್ಲಿ ಇರುವುದು ನಾಲ್ಕೇ ಸಾಲು. ಒಣ ಬಟ್ಟೆಯಲ್ಲಿ ಒರೆಸಿ. ದೀಪಾವಳಿ ಕಳೆದ ಮೇಲೆ ಒಂದು ದಿನ ನೆರಳಿನಲ್ಲಿ ಗಾಳಿಗೆ ಇಡಿ. ಜುಲೈಯಲ್ಲಿ ಡ್ರಾಯರ್ ಸ್ವಲ್ಪ ಬಿಗಿ ಬರುತ್ತದೆ, ಜೋರಾಗಿ ಎಳೆಯಬೇಡಿ. ನವರಾತ್ರಿ ಮುಗಿದರೂ ಬಿಗಿಯೇ ಇದ್ದರೆ ಫೋನ್ ಮಾಡಿ, ಮರ ಹೆರೆಯುವ ತೋಪಡ ತೆಗೆದುಕೊಂಡು ಬರುತ್ತೇನೆ.